ಹಲ್ಲಿಗೆ ಹಾಸಿದ್ದ ಅಂಗಿ

"ಅತ್ತೆ, ಆ ಅಂಗಿ ಕೊಟ್ಬಿಡಿ. ಅದ್ರ ತುಂಬಾ ನುಸಿ ಮೊಟ್ಟೆ ಇಟ್ಟಿದೆ," ಎಂದಳು ಸೊಸೆ ಮೈತ್ರಿ. ತನ್ನ ಗಂಡ ವೇಣು ಸಾಕಿದ್ದ ಮೊಳದುದ್ದದ ವಿದೇಶಿ ಹಲ್ಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಿ, ಅದರ ಕತ್ತಿನ ಮಡಿಕೆಗೆ ಕಚ್ಚಿಕೊಂಡಿದ್ದ ಕೆಂಪು ನುಸಿಗಳನ್ನು ಹತ್ತಿಯಿಂದ ಒರೆಸುತ್ತಿದ್ದಳು. ಅದರ ಗಾಜಿನ ಪೆಟ್ಟಿಗೆ ಬಚ್ಚಲಲ್ಲಿ ಖಾಲಿ ಬಿದ್ದಿತ್ತು. ಒಲೆಯ ಮೇಲೆ ನೀರು ಕುದಿಯುತ್ತಿತ್ತು.

ಕೆಂಪಕ್ಕ ಮಗನ ಅಂಗಿಯನ್ನು ಎದೆಗವಚಿಕೊಂಡು ನಿಂತಿದ್ದಳು. ವೇಣು ಸತ್ತ ಮೇಲೆ ಅವನ ಬಟ್ಟೆಗಳನ್ನೆಲ್ಲ ಯಾರ್ಯಾರಿಗೋ ಕೊಟ್ಟಾಗಿತ್ತು. ಹಲ್ಲಿ ಮಲಗಲೆಂದು ಅವನೇ ಹಾಸಿದ್ದ ಇದೊಂದು ಮಾತ್ರ ಒಗೆಯದೆ ಉಳಿದಿತ್ತು. ನುಸಿಗಳು ಈಗ ಅವಳ ಮುಂಗೈ ಮೇಲೆ ಹರಿದಾಡುತ್ತಿದ್ದವು.

"ಕುದಿಯೋ ನೀರಿಗೆ ಹಾಕಿದ್ರೆ ಅವನ ವಾಸನೆ ಹೋಗ್ಬಿಡುತ್ತೆ ಕಣವ್ವ."

"ಹಾಕದಿದ್ರೆ ಇದು ಉಳಿಯಲ್ಲ ಅತ್ತೆ. ಮೈಯಲ್ಲಿ ರಕ್ತಾನೇ ಇಲ್ಲ ಅಂದ್ರು ಜಯನಗರದ ಡಾಕ್ಟ್ರು."

ಹಲ್ಲಿ ಕಣ್ಣು ಬಿಡಲಾರದೆ ಮೈತ್ರಿಯ ಅಂಗೈಗೆ ಗದ್ದ ಊರಿತ್ತು. ಕೆಂಪಕ್ಕ ಇದೇ ಕೊನೆಯೆಂದು ಅಂಗಿಯ ಕೊರಳಪಟ್ಟಿಗೆ ಮೂಗಿಟ್ಟಳು. ಮತ್ತೊಮ್ಮೆ ಉಸಿರೆಳೆದುಕೊಂಡಳು. ಹಲ್ಲಿಯ ಮುಗ್ಗಲು ನಾತ ಬಿಟ್ಟರೆ ಏನೂ ಇರಲಿಲ್ಲ.

"ಮೈತ್ರಿ, ಇದ್ರಲ್ಲಿ ಅವನ ವಾಸನೇನೇ ಇಲ್ವಲ್ಲೇ."

ಮೈತ್ರಿ ತಲೆ ಎತ್ತಲಿಲ್ಲ. "ಅದು ಹೋಗಿ ಬಾಳ ದಿನ ಆಯ್ತು ಅತ್ತೆ," ಎಂದಳು. "ನಾನೂ ದಿನಾ ಮೂಸಿ ನೋಡ್ತಿದ್ದೆ."