ಎರಡು ಕಡ್ಡಿ

ಚೀನೀ ಕಡುಬು ಮಾರುವ ಡಿಮ್ ಸಮ್ ಹೋಟೆಲಿಗೆ ಈ ವಾರ ಗಿರಾಕಿಯ ವೇಷದಲ್ಲಿ ತಪಾಸಣೆಯವರು ಬರುತ್ತಾರೆಂದು ಮಾಲೀಕರು ಎಚ್ಚರಿಸಿದ್ದರು. ಒಂದು ದೂರು ಬಂದರೂ ಮ್ಯಾನೇಜರನ ಕೆಲಸ ಹೋಗುತ್ತಿತ್ತು.

ನೈಲಾನ್ ಸೀರೆಯ ಹೆಂಗಸೊಬ್ಬಳು ಒಬ್ಬಳೇ ಬಂದು ಮೂಲೆಯ ಮೇಜಿಗೆ ಕೂತಳು.

"ಏನಮ್ಮಾ, ಇಲ್ಲಿ ಇಡ್ಲಿ-ವಡೆ ಸಿಗಲ್ಲ," ಎಂದ ಮ್ಯಾನೇಜರ್.

"ಗೊತ್ತು ಸಾರ್. ಆ ಬಿದಿರು ಬುಟ್ಟೀಲಿ ಹಬೆಯಾಡ್ತಿದೆಯಲ್ಲ, ಅದನ್ನೇ ಕೊಡಿ."

ಸುತ್ತಲಿನ ಸೂಟುಬೂಟಿನವರು ತಿನ್ನಲು ಕೊಟ್ಟ ಜೋಡಿ ಕಡ್ಡಿ ಹಿಡಿಯಲಾರದೆ ಫೋರ್ಕ್ ಕೇಳುತ್ತಿದ್ದರು. ಅವಳು ಕಾಗದದ ಪೊಟ್ಟಣ ಹರಿದು ಎರಡು ಕಡ್ಡಿ ತೆಗೆದು, ನುಣುಪಾದ ಕಡುಬನ್ನು ಚೂರೂ ಹರಿಯದಂತೆ ಎತ್ತಿದಳು. ತಟ್ಟೆಗೆ ಉದುರಿದ ಎಳ್ಳಿನ ಕಾಳನ್ನೂ ಕಡ್ಡಿಯಲ್ಲೇ ಹಿಡಿದಳು.

ಮ್ಯಾನೇಜರ್ ಬೆವೆತ. ಇವಳೇ ಇರಬೇಕು, ಸೀರೆಯೂ ನಾಟಕವೇ. ಓಡಿಬಂದು ತಾನೇ ಚಹಾ ಬಗ್ಗಿಸಿದ.

"ಮೇಡಂ, ಆಗ ಬಾಯಿ ತಪ್ಪಿ ಅಂದ್ಬಿಟ್ಟೆ. ರಿಪೋರ್ಟಲ್ಲಿ ಬರೀಬೇಡಿ."

"ಎಂಥಾ ರಿಪೋರ್ಟು?"

"ನಂಗೆ ಗೊತ್ತಾಯ್ತು ಬಿಡಿ ಮೇಡಂ. ಈ ಕೈಚಳಕ ಎಲ್ಲರಿಗೂ ಬರಲ್ಲ. ಎಲ್ಲಿ ಕಲಿತ್ರಿ, ಚೀನಾದಲ್ಲಾ? ಸಿಂಗಾಪುರದಲ್ಲಾ?"

ಅವಳು ಕೊನೆಯ ಕಡುಬನ್ನು ನಿಧಾನವಾಗಿ ಅಗಿದು ನುಂಗಿದಳು.

"ನಿಮ್ಮ ಹೋಟೆಲ್ ಹಿಂದಿನ ಗಲ್ಲೀಲಿ ಸಾರ್. ಕಂಟ್ರಾಕ್ಟರು ಗ್ಲೌಸು ಕೊಡಲ್ಲ. ಮೂರು ವರ್ಷದಿಂದ ನಿಮ್ಮ ಕಸಾನ, ನೀವು ಬಿಸಾಕಿದ ಇವೇ ಕಡ್ಡೀಲಿ ಆರಿಸ್ತಿದೀನಿ."