ಸೊನ್ನೆಗೆ ಬೀಗ

ಕಕ್ಕಸು ಗುಂಡಿಗೆ ಇಳಿದು ಬಳಿಯುವವರ ಸಮೀಕ್ಷೆ ಮರುದಿನವೇ ಶುರುವಾಗಬೇಕಿತ್ತು. ವಾರಿಜ ಕಚೇರಿಯಲ್ಲಿ ಕೂತು ಮೊಬೈಲ್ ಆ್ಯಪ್‌ಗೆ ಪ್ರಶ್ನೆಗಳನ್ನು ತುಂಬುತ್ತಿದ್ದಳು. ಕಿಟಕಿಯಿಂದ ನಾತ ಹೊಡೆಯುತ್ತಿತ್ತು.

“ಎಷ್ಟು ಜನ ಇಳೀತಾರೆ ಅನ್ನೋ ಕಡೆ ಸೊನ್ನೆ ಹಾಕಿ ಲಾಕ್ ಮಾಡಮ್ಮ,” ಎಂದರು ಸಾಹೇಬರು, ಮೂಗಿಗೆ ಕರವಸ್ತ್ರ ಒತ್ತಿಕೊಂಡು.

“ಮನೆಮನೆಗೆ ಹೋಗಿ ಕೇಳೋಕ್ ಮುಂಚೇನೇ ಸರ್?”

“ನಮ್ಮೂರಲ್ಲಿ ಆ ಕೆಲಸ ಮಾಡೋರು ಒಬ್ಬರೂ ಇಲ್ಲ ಅಂತ ಮೇಲಕ್ಕೆ ಬರೆದು ಕೊಟ್ಟಾಗಿದೆ. ಹೇಳಿದಷ್ಟು ಮಾಡು.”

ಥೂ ಎಂದು ಮನಸ್ಸಿನಲ್ಲೇ ಉಗಿದು ಅವಳು ಲಾಕ್ ಮಾಡಿದಳು.

“ಆ್ಯಪ್ ಸರಿಯಾಗಿದೆಯಾ ಅಂತ ನೋಡೋಕೆ ಯಾರದಾದ್ರೂ ಹೆಸರು, ಫೋಟೋ ಬೇಕು ಸರ್.”

ಸಾಹೇಬರು ಕಿಟಕಿಯಿಂದಾಚೆ ಬಗ್ಗಿ ಕೂಗಿದರು: “ಲೇ ತಿಪ್ಪೇಶ, ಒಂದು ಫೋಟೋ ತೆಗೀಬೇಕು. ಗುಂಡಿಯಿಂದ ಮೇಲೆ ಬಂದು ಮೈ ತೊಳ್ಕೊಳೋ!”