ನೋಟಿಗೆ ಮೀನು

ಅಪೊಂಡಿ ನೋಟುಗಳನ್ನು ಚಾಚಿದಾಗ ದೋಣಿಯ ಯಜಮಾನ ಒಡೆರೊ ನಕ್ಕ. "ನೆರವಿನ ಸಂಸ್ಥೆಯವ್ರು ಫೋನಿಗೆ ದುಡ್ಡು ಹಾಕಿದ್ದೇ ತಡ, ನನ್ ಗುಡಿಸಲ ದಾರಿ ಮರೆತೇಹೋಯ್ತಾ?"

"ದುಡ್ಡು ತಗೋ, ಮೀನು ಕೊಡು."

ಗಂಡ ಸತ್ತ ಮೇಲೆ ನಾಲ್ಕು ವರ್ಷ, ಮಾರಲು ಮೀನು ಬೇಕೆಂದರೆ ಅವಳು ಮೊದಲು ಆ ಗುಡಿಸಲಿಗೆ ಹೋಗಿಬರಬೇಕಿತ್ತು. ವಿಕ್ಟೋರಿಯಾ ಸರೋವರದ ಆ ದಂಡೆಯಲ್ಲಿ ಬಡ ಹೆಂಗಸರಿಗೆಲ್ಲ ಅದೇ ಕಟ್ಟಳೆ. ಇವತ್ತು ಒಡೆರೊ ನೋಟುಗಳನ್ನು ಜೇಬಿಗಿಳಿಸಿ ಅವಳ ಬುಟ್ಟಿ ತುಂಬಿಸಿದ. ಅಪೊಂಡಿಗೆ ಗಟ್ಟಿಯಾಗಿ ನಗಬೇಕೆನಿಸಿತು.

ಅವಳ ಹಿಂದೆ ನಿಂತಿದ್ದವಳು ಪಕ್ಕದ ಮನೆಯ ಅಕೆಯೊ. ನೆರವಿನ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಒಡೆರೊ ಅವಳಿಗೆ ಕಣ್ಸನ್ನೆ ಮಾಡಿ ಗುಡಿಸಲ ಕಡೆ ನಡೆದ. ಅಪೊಂಡಿಯ ಕೈಯಲ್ಲಿ ಇನ್ನೊಂದು ನೋಟೂ ಉಳಿದಿರಲಿಲ್ಲ.

"ಅಕ್ಕಾ, ನಾ ಬರೋ ತನ್ಕ ನನ್ ಬುಟ್ಟಿ ನೋಡ್ಕೋತೀಯಾ?" ಎಂದಳು ಅಕೆಯೊ.